ಕಾರಿನ ಮುಂದಿನ ಹಲಗೆಯ ಮಾತು ಕೇಳಿ
ಘಟ್ಟದ ದಾರಿಯಲ್ಲಿ ಓಡಾಡುವ ಕೃಷಿಕರಿಗೆ ಕೆಲವು ತಿಳಿವಳಿಕೆಗಳು

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತ ಕೃಷಿಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವೋಲ್ಟ್ ಮೀಟರಿನ ಮುಳ್ಳು ಎಲ್ಲಿಗೆ ಇಳಿದರೆ ಮೋಟಾರು ಹಾಕಬಾರದು, ಮೂರು ದೀಪಗಳಲ್ಲಿ ಒಂದು ಆರಿದ್ದರೆ ಏನರ್ಥ, ಆಂಪಿಯರ್ ಮುಳ್ಳು ಏಕಾಏಕಿ ಕೆಳಗಿಳಿದರೆ ಬಾವಿಯಲ್ಲಿ ನೀರು ಮುಗಿದಿರಬೇಕು ಎಂಬುದೆಲ್ಲ ಅವನಿಗೆ ಅಂಗೈ ನೆಲ್ಲಿಕಾಯಿ. ಅದೇ ಕೃಷಿಕ ತನ್ನ ಅಂಗಳದಲ್ಲಿ ನಿಂತ ಕಾರಿನ ಚಾಲಕನ ಪೀಠದಲ್ಲಿ ಕುಳಿತಾಗ ಎದುರಿಗೆ ಹೊತ್ತಿ ಆರುವ ಹತ್ತಿಪ್ಪತ್ತು ದೀಪಗಳ ಪೈಕಿ ಡೀಸೆಲ್ಲಿನ ಮುಳ್ಳೊಂದನ್ನು ಬಿಟ್ಟು ಉಳಿದವನ್ನು ಗಮನಿಸುವುದು ಕಡಿಮೆ. “ಆ ದೀಪವೋ? ಅದು ಮಳೆಗಾಲದಿಂದಲೇ ಉರಿಯುತ್ತಾ ಉಂಟು, ಗಾಡಿ ಓಡುತ್ತದಲ್ಲ” ಎಂಬ ಮಾತನ್ನು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಯಾವ ಗ್ಯಾರೇಜಿನಲ್ಲಿ ನಿಂತರೂ ಕೇಳಬಹುದು.

ಬಯಲುಸೀಮೆಯಲ್ಲಾದರೆ ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಹೆಚ್ಚೆಂದರೆ ಒಂದು ಗ್ಯಾರೇಜು ಬಿಲ್ಲು. ನಮ್ಮಲ್ಲಿ ಹಾಗಲ್ಲ. ಉಜಿರೆಯಿಂದ ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರದವರೆಗೆ ಏರು, ತಿರುವು, ಮಂಜು. ಗುಂಡ್ಯದಿಂದ ಶಿರಾಡಿ ಘಟ್ಟ ಹಿಡಿದರೂ ಅಷ್ಟೆ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿತು. ಆಮೇಲೂ ಬಹುಕಾಲ ಭಾರಿ ವಾಹನಗಳನ್ನು ಬಿಡಲಿಲ್ಲ. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಕಣಿವೆ ಇರುವ ಇಂಥ ದಾರಿಯಲ್ಲಿ ಕೆಂಪು ದೀಪವೊಂದರ ಅರ್ಥ ತಿಳಿದಿದೆಯೋ ಇಲ್ಲವೋ ಎಂಬುದು ಜೀವದ ಪ್ರಶ್ನೆಯೇ ಆಗುತ್ತದೆ.

ಹಲಗೆ ಬಂದ ಬಗೆ

ಧರ್ಮಸ್ಥಳಕ್ಕೆ ಹೋದವರು ದೇವರ ದರ್ಶನ ಮುಗಿಸಿ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನೂ ನೋಡುವುದು ವಾಡಿಕೆ. ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಸಂಗ್ರಹವಿದು. ಹೆಚ್ಚಿನವರು ಹೊಳೆಯುವ ಮೂತಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಬೀಳುತ್ತಾರೆ. ಮುಂದಿನ ಸಲ ಹೋದಾಗ ಕಿಟಕಿಯ ಬಳಿ ಬಗ್ಗಿ, ಒಳಗೆ ಚಾಲಕನ ಎದುರಿನ ಹಲಗೆಯನ್ನೂ ಗಮನಿಸಿ. ಬಹಳ ಹಳೆಯದರಲ್ಲಿ ಒಂದೆರಡು ಗಡಿಯಾರದಂಥ ಮಾಪಕಗಳು ಮಾತ್ರ. ಕಾಲ ಮುಂದೆ ಬಂದಂತೆ ಮುಳ್ಳುಗಳು ಹೆಚ್ಚುತ್ತವೆ, ಬಳಿಕ ಮುಳ್ಳುಗಳು ಕಡಿಮೆಯಾಗಿ ದೀಪಗಳು ಹೆಚ್ಚುತ್ತವೆ.

ಡ್ಯಾಶ್‌ಬೋರ್ಡ್ ಎಂಬ ಹೆಸರೇ ಕುದುರೆ ಗಾಡಿಯ ಕಾಲದ್ದು. ಓಡುವ ಕುದುರೆಯ ಗೊರಸಿನಿಂದ ಎರಚುವ ಕೆಸರು ಗಾಡಿಯವನ ಮೇಲೆ ಬೀಳದಂತೆ ಮುಂದೆ ಕಟ್ಟಿದ ಹಲಗೆ ಅದು. ಕುದುರೆ ಹೋಯಿತು, ಹಲಗೆ ಉಳಿಯಿತು. 1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆ ಎಷ್ಟಿದೆಯೆಂದು ನೋಡಲು ಪೀಠ ಎತ್ತಿ ಟ್ಯಾಂಕಿಗೆ ಕೋಲು ಅದ್ದಬೇಕಿತ್ತು. ಆಕ್ಸಿಲರೇಟರ್ ಇದ್ದುದು ಕೈಯಲ್ಲಿ, ಸ್ಟಿಯರಿಂಗಿನ ಕೆಳಗಿನ ಸನ್ನೆಯಾಗಿ. ಮೂರು ಪೆಡಲುಗಳಿದ್ದರೂ ನಡುವಿನದು ಹಿಂದಕ್ಕೆ ಹೋಗಲು! ಇಂದಿನ ಚಾಲಕ ಅದನ್ನು ಏರಿದರೆ ಬ್ರೇಕೆಂದು ತುಳಿದು ಹಿಮ್ಮುಖವಾಗಿ ಹೊರಟಾನು. ಎಂಜಿನ್ನಿನ ಬಿಸಿ ತಿಳಿಯಲು ರೇಡಿಯೇಟರಿನ ಮುಚ್ಚಳದ ಮೇಲೆಯೇ ಥರ್ಮಾಮೀಟರ್ ಕೂರಿಸುವುದು 1910ರ ದಶಕದಲ್ಲಿ ಬಂತು. ನಮ್ಮವರಿಗೆ ಚಿರಪರಿಚಿತವಾದ, 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಮಾಪಕಗಳೆಲ್ಲ ಹಲಗೆಯ ನಡುವೆ ಇದ್ದವು. ಪಕ್ಕದಲ್ಲಿ ಕುಳಿತ ಯಜಮಾನರೂ “ಬಿಸಿ ಏರಿತು ನೋಡು” ಎಂದು ಹೇಳಬಹುದಾಗಿತ್ತು. ಈಗ ಚಾಲಕನೊಬ್ಬನೇ ನೋಡಿಕೊಳ್ಳಬೇಕು.

ಬಣ್ಣ ಮೊದಲು, ಚಿತ್ರ ಆಮೇಲೆ

ಎಲ್ಲ ಚಿಹ್ನೆಗಳನ್ನು ಬಾಯಿಪಾಠ ಮಾಡಬೇಕಾದ್ದಿಲ್ಲ. ಯಾವ ದೇಶದ ಯಾವ ಕಂಪೆನಿಯ ಕಾರಾದರೂ ಬಣ್ಣದ ಭಾಷೆ ಒಂದೇ. ಕೆಂಪೆಂದರೆ ಅಪಾಯ, ನಿಲ್ಲಿಸಿ ನೋಡಿ. ಹಳದಿಯೆಂದರೆ ಎಚ್ಚರಿಕೆ, ಓಡಿಸಬಹುದು, ಆದರೆ ಬೇಗ ತೋರಿಸಿ. ಹಸಿರು, ನೀಲಿ ಎಂದರೆ ಯಾವುದೋ ಸಾಧನ ಕೆಲಸ ಮಾಡುತ್ತಿದೆ ಎಂಬ ಸುದ್ದಿ ಅಷ್ಟೆ. ಕಾರಂಜಿಯಂತೆ ಗೆರೆಗಳಿರುವ ನೀಲಿ ದೀಪ ಕಂಡರೆ ಮುಂದಿನ ದೀಪ ಮೇಲಕ್ಕೆ ಹೊಡೆಯುತ್ತಿದೆ ಎಂದರ್ಥ; ಎದುರು ಬರುವವನ ಕಣ್ಣು ಕುಕ್ಕುತ್ತಿದೆ, ಇಳಿಸಿ.

ಕೀಲಿಯನ್ನು ಒಂದು ಸುತ್ತು ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮೊದಲು ಒಂದು ಕ್ಷಣ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಆಗ ಮುಖ್ಯ ದೀಪಗಳೆಲ್ಲ ಒಮ್ಮೆ ಹೊತ್ತುತ್ತವೆ. ಇದು ವಾಹನ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಎಂಜಿನ್ ಚಾಲೂ ಆದ ಮೇಲೆ ಆರದ ದೀಪ ದೂರು ಹೇಳುತ್ತಿದೆ. ಮೊದಲಿಗೆ ಹೊತ್ತಲೇ ಇಲ್ಲದ ದೀಪದ ಮೇಲೂ ಸಂಶಯವಿರಲಿ. ಹಳೆಯ ವಾಹನ ಕೊಳ್ಳುವವರಂತೂ ಈ ಪರೀಕ್ಷೆಯನ್ನು ಖಂಡಿತ ಮಾಡತಕ್ಕದ್ದು. ಏರ್‌ಬ್ಯಾಗಿನ ದೀಪದ ತಂತಿ ಕತ್ತರಿಸಿ ದೂರನ್ನು ಅಡಗಿಸಿ ಮಾರುವವರೂ ಇದ್ದಾರೆ.

ಕೆಂಪು ದೀಪಗಳು

ಎಣ್ಣೆ ಹನಿಸುವ ಹಳೆಯ ಕಾಲದ ಹೂಜಿಯಂಥ ಚಿತ್ರ ಎಂಜಿನ್ ಆಯಿಲಿನ ಒತ್ತಡಕ್ಕೆ ಸಂಬಂಧಿಸಿದ್ದು. ಓಡುತ್ತಿರುವಾಗ ಇದು ಕೆಂಪಾಗಿ ಹೊತ್ತಿದರೆ ‘ಮುಂದಿನ ಪೇಟೆಯವರೆಗೆ ಹೋಗೋಣ’ ಎನ್ನುವ ಹಾಗಿಲ್ಲ. ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಬೇಕು. ಎಣ್ಣೆಯ ಪದರವಿಲ್ಲದೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಿಡಿದುಕೊಳ್ಳಲು ಕೆಲವೇ ನಿಮಿಷ ಸಾಕು. ಸಮತಟ್ಟಿನಲ್ಲಿ ಸುಮ್ಮನಿದ್ದು ಘಟ್ಟದ ತಿರುವಿನಲ್ಲಿ ಮಾತ್ರ ಮಿನುಗುತ್ತಿದ್ದರೆ ಎಣ್ಣೆ ಕಡಿಮೆಯಾಗಿದೆ, ವಾಹನ ವಾಲಿದಾಗ ಅದು ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಸಿಗುತ್ತಿಲ್ಲ ಎಂದು ಊಹಿಸಬಹುದು. ಕೆರೆಯ ನೀರು ತಗ್ಗಿದಾಗ ಫುಟ್‌ವಾಲ್ವು ಗಾಳಿ ಎಳೆಯುವುದಿಲ್ಲವೇ, ಹಾಗೆ.

ನೀರಿನಲ್ಲಿ ಮುಳುಗಿದ ಥರ್ಮಾಮೀಟರಿನ ಚಿತ್ರ ಎಂಜಿನ್ನಿನ ಬಿಸಿಯದು. ನೀಲಿಯಾಗಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ, ಜೋರು ಮಾಡಬೇಡಿ. ಕೆಂಪಾದರೆ, ಇಲ್ಲವೇ ಮುಳ್ಳು ನಡುವನ್ನು ಬಿಟ್ಟು ಮೇಲೇರತೊಡಗಿದರೆ ಮೊದಲು ಏ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಬೇಸಗೆಯಲ್ಲಿ ಹೀಟರ್ ಹಾಕುವುದು ಹುಚ್ಚುತನದಂತೆ ಕಂಡರೂ ಅದು ಎಂಜಿನ್ನಿನ ಬಿಸಿಯನ್ನೇ ಎಳೆದು ಹೊರಹಾಕುತ್ತದೆ. ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಿ. ಹಬೆ ಬರುತ್ತಿಲ್ಲವಾದರೆ ಒಂದೆರಡು ನಿಮಿಷ ಎಂಜಿನ್ ನಿಧಾನವಾಗಿ ತಿರುಗಲಿ. ಹಬೆ ಬರುತ್ತಿದ್ದರೆ ಕೂಡಲೇ ಆರಿಸಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ಮುಟ್ಟಲೇಬಾರದು. ಅದೊಂದು ಪ್ರೆಷರ್ ಕುಕ್ಕರ್. ಒಳಗಿನ ದ್ರವ ಒತ್ತಡದಿಂದಾಗಿ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಚಿಮ್ಮಿ ಮುಖ, ಕೈ ಬೇಯುತ್ತದೆ. ಘಟ್ಟದಲ್ಲಿ ತೊರೆ ಹತ್ತಿರವೇ ಇದೆಯೆಂದು ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವವರೂ ಉಂಟು. ಕಾದ ಕಾವಲಿಗೆ ನೀರು ಬಿದ್ದಂತೆ ಲೋಹ ಬಿರಿಯಬಹುದು. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ. ಇನ್ನೊಂದು ಮಾತು: ದ್ರವವೆಲ್ಲ ಸೋರಿ ಖಾಲಿಯಾದರೆ ಮಾಪಕದ ಸಂವೇದಿ ಬರಿಗಾಳಿಯಲ್ಲಿ ನಿಂತು ಮುಳ್ಳು ಕೆಳಗಿಳಿಯಲೂಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಬಿದ್ದರೆ ಸಮಾಧಾನಪಡಬೇಡಿ.

ಬ್ಯಾಟರಿಯ ಚಿತ್ರ ಹೊತ್ತಿದರೆ ಬ್ಯಾಟರಿ ಕೆಟ್ಟಿದೆ ಎಂದೇ ಅರ್ಥವಲ್ಲ, ಅದಕ್ಕೆ ವಿದ್ಯುತ್ ತುಂಬುತ್ತಿಲ್ಲ ಎಂದು. ಹಲವು ವಾಹನಗಳಲ್ಲಿ ಆಲ್ಟರ್‌ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಆದ್ದರಿಂದ ಬ್ಯಾಟರಿ ದೀಪ ಹೊತ್ತಿದ ಹಿಂದೆಯೇ ಬಿಸಿಯ ಮುಳ್ಳೂ ಏರಿದರೆ ಬೆಲ್ಟು ಹರಿದಿದೆ ಎಂದು ಗ್ರಹಿಸಿ, ಮುಂದೆ ಓಡಿಸಬೇಡಿ.

ಇಳಿಜಾರು ಮತ್ತು ಬ್ರೇಕು

ವೃತ್ತದೊಳಗೆ ಆಶ್ಚರ್ಯಚಿಹ್ನೆ ಇರುವ ಕೆಂಪು ದೀಪವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹ್ಯಾಂಡ್‌ಬ್ರೇಕು ಎಳೆದಿದ್ದರೆ ಅದು ಉರಿಯುತ್ತದೆ. ಬಿಟ್ಟ ಮೇಲೂ ಉರಿಯುತ್ತಿದ್ದರೆ ಬ್ರೇಕಿನ ದ್ರವ ಕಡಿಮೆಯಾಗಿದೆ. ಬ್ರೇಕಿನ ಪ್ಯಾಡುಗಳು ಸವೆದಂತೆ ದ್ರವದ ಮಟ್ಟ ಇಳಿಯುತ್ತದೆ, ಅಥವಾ ಎಲ್ಲೋ ಸೋರುತ್ತಿದೆ. ಇಳಿಜಾರಿನಲ್ಲಿ, ಬ್ರೇಕು ತುಳಿದಾಗ ಮಾತ್ರ ಮಿನುಗಿ ಮರೆಯಾಗುವುದು ಈ ಕೊರತೆಯ ಮೊದಲ ಸೂಚನೆ. ಅದು ಕಂಡ ವಾರವೇ ತೋರಿಸಿ.

ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ನೀರು ಹೀರಿದ ಮೇಲಿನ ಮಿತಿ 140. ಡಾಟ್ 4ಕ್ಕೆ ಇದು 230 ಮತ್ತು 155. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ದ್ರವ ತೇವ ಹೀರದೆ ಇದ್ದೀತೇ? ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ತಯಾರಕರು ಹೇಳುವುದನ್ನು ಬರಿಯ ವ್ಯಾಪಾರವೆಂದು ತಳ್ಳಿಹಾಕಬಾರದು.

ಕುದಿಯುವಷ್ಟು ಬಿಸಿ ಎಲ್ಲಿಂದ ಬರಬೇಕು ಎನ್ನುವಿರಾ? ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು ಪ್ರತಿ 100 ಮೀಟರ್ ಎತ್ತರ ಇಳಿಯುವಾಗ ಬ್ರೇಕೊಂದೇ ಅದನ್ನು ತಡೆದರೆ, ಅಲ್ಲಿ ಹುಟ್ಟುವ ಶಾಖ ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಗೆ ತರುವಷ್ಟು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಹಳ್ಳಿಗೆ ಇಳಿಯುವುದು ಹಲವು ನೂರು ಮೀಟರ್. ಹಂಡೆಗಟ್ಟಲೆ ನೀರು ಕಾಯಿಸುವ ಬೆಂಕಿಯನ್ನು ನಾಲ್ಕು ಚಕ್ರಗಳ ಅಂಗೈಯಗಲದ ಪ್ಯಾಡುಗಳು ತಾಳಿಕೊಳ್ಳಬೇಕು. ತಾಳದಿದ್ದಾಗ ಮೊದಲು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲು ಮೆತ್ತಗಾಗುತ್ತದೆ, ಕಡೆಗೆ ತುಳಿದರೆ ನೆಲಕ್ಕೇ ಹೋಗುತ್ತದೆ.

ಇದಕ್ಕೆ ಮದ್ದು ಗೇರಿನಲ್ಲಿದೆ. ಹತ್ತಲು ಯಾವ ಗೇರು ಬೇಕಾಗುತ್ತದೋ ಇಳಿಯಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ಲೆಕ್ಕ ಇಂದಿಗೂ ಸರಿ. ಎರಡನೆಯ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ತುಳಿದು ಬಿಟ್ಟರಾಯಿತು, ಮೇಲೆ ಕಾಲಿಟ್ಟುಕೊಂಡೇ ಬರಬಾರದು. ತಾನಾಗಿ ಗೇರು ಬದಲಿಸುವ ಕಾರಿನವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಅವರ ಗೇರಿನ ಹಿಡಿಯ ಬಳಿಯೂ ಎಲ್, 2, ಎಸ್ ಅಥವಾ ಎಂ ಎಂಬ ಯಾವುದಾದರೂ ಅಕ್ಷರವಿರುತ್ತದೆ, ಕೂಡಿಸುವ, ಕಳೆಯುವ ಚಿಹ್ನೆಗಳಿರುತ್ತವೆ. ಇಳಿಜಾರಿಗಾಗಿಯೇ ಇಟ್ಟ ಸೌಕರ್ಯವದು. ಮನೆಯ ಹತ್ತಿರದ ಸಣ್ಣ ಇಳಿಜಾರಿನಲ್ಲಿ ಒಮ್ಮೆ ಬಳಸಿ ಕಲಿತುಕೊಂಡಿರಬೇಕು.

ನ್ಯೂಟ್ರಲಿನಲ್ಲಿ ಉರುಳಿಸಿ ಎಣ್ಣೆ ಉಳಿಸುವವರಿಗೆ ಒಂದು ಸುದ್ದಿ. ಇಂದಿನ ಎಂಜಿನ್ನುಗಳಲ್ಲಿ ಗೇರು ಹಾಕಿಕೊಂಡು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿ ಮಾತ್ರ ಎಂಜಿನ್ ಆರದಿರಲು ಇಂಧನ ಬೇಕು. ಅಂದರೆ ಉಳಿತಾಯವೆಂದು ಮಾಡಿದ್ದೇ ಖರ್ಚು. ಎಂಜಿನ್ನನ್ನೇ ಆರಿಸಿ ಇಳಿಯುವುದಂತೂ ಆತ್ಮಹತ್ಯೆಗೆ ಸಮ. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಪೆಡಲು ಕಲ್ಲಾಗುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗಿಗೆ ಬೀಗವೇ ಬೀಳುತ್ತದೆ.

ಬ್ರೇಕು ಕೈಕೊಟ್ಟರೆ ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಾ ಒಂದೊಂದೇ ಗೇರು ಇಳಿಸುತ್ತಾ ಬನ್ನಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಬಟನ್ ರೂಪದ್ದಾದರೆ ಎಳೆದು ಹಿಡಿದೇ ಇರಬೇಕು. ಏನೂ ಆಗದಿದ್ದರೆ ವಾಹನವನ್ನು ಬೆಟ್ಟದ ಬದಿಯ ಚರಂಡಿಗೆ ಉಜ್ಜಿ ನಿಲ್ಲಿಸಿ. ಬಂಪರು ಹೋದರೆ ಹೋಗಲಿ.

ಎ.ಬಿ.ಎಸ್. ಎಂಬುದು

ಗಾಬರಿಯಿಂದ ಬ್ರೇಕು ತುಳಿದಾಗ ಚಕ್ರಗಳು ಕಚ್ಚಿ ನಿಂತು ಜಾರದಂತೆ, ಕ್ಷಣಕ್ಕೆ ಹಲವು ಸಲ ಬಿಟ್ಟು ಹಿಡಿಯುವ ವ್ಯವಸ್ಥೆ ಎ.ಬಿ.ಎಸ್. ಬಾಷ್ ಕಂಪೆನಿ ಇದನ್ನು 1978ರಲ್ಲಿ ಕಾರುಗಳಿಗೆ ತಂದಿತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಅದು ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಏನೋ ಮುರಿಯಿತೆಂದು ಕಾಲು ತೆಗೆಯುವವರೇ ಹೆಚ್ಚು. ತೆಗೆಯಬಾರದು; ಒತ್ತಿ ಹಿಡಿದು ಸ್ಟಿಯರಿಂಗ್ ತಿರುಗಿಸಿ ಅಡ್ಡಿಯನ್ನು ತಪ್ಪಿಸಿಕೊಳ್ಳಬೇಕು. ತಿರುಗಿಸಲು ಸಾಧ್ಯವಾಗುವುದೇ ಇದರ ಉಪಕಾರ. ಆದರೆ ಸಡಿಲ ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚಾಗಲೂಬಹುದು ಎಂಬುದು ತೋಟದ ರಸ್ತೆಯವರಿಗೆ ನೆನಪಿರಲಿ. ಹಳದಿ ಎ.ಬಿ.ಎಸ್. ದೀಪ ಉರಿದರೆ ಸಾಮಾನ್ಯ ಬ್ರೇಕು ಇದೆ, ಈ ಸೌಲಭ್ಯ ಮಾತ್ರವಿಲ್ಲ. ಜೊತೆಗೆ ಕೆಂಪು ಬ್ರೇಕು ದೀಪವೂ ಉರಿದರೆ ಘಟ್ಟ ಹತ್ತುವ ಮಾತೇ ಬೇಡ. ಕಾರಿನ ಹಿಂದೆ ಹಾವಿನಂಥ ಗೆರೆಗಳಿರುವ ಹಳದಿ ದೀಪ ಮಿನುಗಿದರೆ ವಾಹನ ಜಾರುತ್ತಿದ್ದು ಯಂತ್ರ ತಡೆಯುತ್ತಿದೆ, ವೇಗ ಇಳಿಸಿ. ಮಿನುಗದೆ ಉರಿಯುತ್ತಲೇ ಇದ್ದರೆ ಆ ಯಂತ್ರ ಕೆಟ್ಟಿದೆ, ಅಥವಾ ಯಾರೋ ಗುಂಡಿ ಒತ್ತಿ ಆರಿಸಿದ್ದಾರೆ.

ಇಲಿಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಅಡಿಕೆ, ಭತ್ತ ಇಟ್ಟ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನಾಲ್ಕಾರು ದೀಪಗಳು ಒಟ್ಟಿಗೆ ಹೊತ್ತಿಕೊಂಡರೆ ಮೊದಲ ಸಂಶಯ ಇಲಿಯ ಮೇಲಿರಲಿ. ತಂತಿ ಕಡಿದಿರುತ್ತದೆ. ಬಾನೆಟ್ ಎತ್ತಿ ನೋಡಿದರೆ ಹುಲ್ಲು, ಹಿಕ್ಕೆ ಸಾಕ್ಷಿ ಹೇಳುತ್ತವೆ.

ಬೆಲ್ಟು, ಏರ್‌ಬ್ಯಾಗು, ಮುಂದಿಟ್ಟ ಮೂರ್ತಿ

ಮೂರು ಕಡೆ ಹಿಡಿಯುವ ಸೀಟ್‌ಬೆಲ್ಟನ್ನು ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ. ಅದಕ್ಕಿಂತ ಹೆಚ್ಚು ಜೀವ ಉಳಿಸಿದ ಸಾಧನ ಕಾರಿನಲ್ಲಿ ಇನ್ನೊಂದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಮರಕ್ಕೆ ಬಡಿದಾಗ ಬೆಲ್ಟಿಲ್ಲದವನಿಗೆ ಬೀಳುವ ಪೆಟ್ಟು ಹತ್ತು ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದ ಪೆಟ್ಟಿಗೆ ಸಮ. ಫಲ ಬಿಡುವ ಅಡಿಕೆ ಮರದ ನೆತ್ತಿಯಿಂದ ಬಿದ್ದರೆ ಏನಾಗುತ್ತದೆಂದು ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ. 80 ಕಿ.ಮೀ. ವೇಗಕ್ಕೆ ಆ ಎತ್ತರ 25 ಮೀಟರ್. ಕೌಟು ಏರುವವನಿಗೆ ಹಗ್ಗ ಕಟ್ಟಿಕೋ ಎನ್ನುವ ಯಜಮಾನರೇ ಕಾರಿನಲ್ಲಿ ಬೆಲ್ಟಿನ ಕೂಗು ತಪ್ಪಿಸಲು ಬರಿಯ ಕೊಂಡಿ ಕೊಂಡು ಸಿಕ್ಕಿಸುತ್ತಾರೆ. ಹಿಂದಿನ ಸೀಟಿನವರಿಗೆ ಬೇಡವೆಂಬುದೂ ತಪ್ಪು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ, ಬೆಲ್ಟು ಕಟ್ಟದೆ.

2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು, ಬೆಲ್ಟಿನ ಎಚ್ಚರಿಕೆ, 80 ಕಿ.ಮೀ. ದಾಟಿದರೆ ಆಗಾಗ್ಗೆ, 120 ದಾಟಿದರೆ ಬಿಡದೆ ಕೂಗುವ ವೇಗದ ಎಚ್ಚರಿಕೆ ಕಡ್ಡಾಯವಾದವು. ಏರ್‌ಬ್ಯಾಗು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಬೆಲ್ಟು ಕಟ್ಟಿ ಹಿಂದಕ್ಕೆ ಕುಳಿತವನಿಗೆ ಅದು ದಿಂಬು. ಕಟ್ಟದೆ ಮುಂದೆ ಬಾಗಿದವನಿಗೆ ಗುದ್ದು. ಮಗುವನ್ನು ಮಡಿಲಲ್ಲಿಟ್ಟು ಮುಂದಿನ ಸೀಟಿನಲ್ಲಿ ಕೂರುವುದು ಈ ಕಾರಣಕ್ಕೇ ನಿಷಿದ್ಧ.

ಹೊಸ ಕಾರನ್ನು ಕ್ಷೇತ್ರಕ್ಕೆ ತಂದು ಪೂಜೆ ಮಾಡಿಸಿ ಮುಂದೆ ದೇವರ ಮೂರ್ತಿಯೊಂದನ್ನು ಕೂರಿಸುವುದು ನಮ್ಮ ಪದ್ಧತಿ. ಭಕ್ತಿಗೆ ಆಕ್ಷೇಪವಿಲ್ಲ, ಜಾಗಕ್ಕೆ ಇದೆ. ಎಡಗಡೆ ಹಲಗೆಯ ಮೇಲೆ ಎಸ್.ಆರ್.ಎಸ್. ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಕಡೆ ಮುಚ್ಚಳವಿದೆ. ಅಪಘಾತದಲ್ಲಿ ಅದು ಹರಿದು ತೆರೆಯುವಾಗ ಮೇಲಿರುವ ಲೋಹದ ಅಥವಾ ಕಲ್ಲಿನ ಮೂರ್ತಿ ಪಕ್ಕದಲ್ಲಿ ಕುಳಿತವರ ಮುಖಕ್ಕೆ ಗುಂಡಿನಂತೆ ಬರುತ್ತದೆ. ಮೂರ್ತಿಯ ಬದಲು ಸಣ್ಣ ಚಿತ್ರ ಅಂಟಿಸಿ, ಅದೂ ಮುಚ್ಚಳದಿಂದ ದೂರ. ಪ್ರಸಾದದ ತೆಂಗಿನಕಾಯಿಯೂ ಹಲಗೆಯ ಮೇಲೆ ಬೇಡ.

ಮಳೆ, ಮಂಜು

ಮಳೆಯಲ್ಲಿ ಒಳಗಿನಿಂದ ಗಾಜು ಮಸುಕಾದರೆ ಬಟ್ಟೆಯಿಂದ ಒರೆಸುತ್ತಾ ಒಂದು ಕೈಯಲ್ಲಿ ಓಡಿಸುವುದು ಬೇಡ. ಏ.ಸಿ. ಹಾಕಿ, ಗಾಜಿನ ಮೇಲೆ ಬಾಣಗಳಿರುವ ಚಿತ್ರದ ಗುಂಡಿ ಒತ್ತಿ, ಹೊರಗಿನ ಗಾಳಿ ಬರುವಂತೆ ಇಡಿ. ಏ.ಸಿ. ಗಾಳಿಯ ತೇವ ತೆಗೆಯುವುದರಿಂದ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಮಂಜಿನಲ್ಲಿ ದೀಪ ಕೆಳಗಿರಲಿ. ಮೇಲಕ್ಕೆ ಹೊಡೆದರೆ ಬೆಳಕು ಮಂಜಿನಿಂದಲೇ ತಿರುಗಿ ನಿಮ್ಮ ಕಣ್ಣಿಗೆ ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಚಾರ್ಮಾಡಿ ಇಳಿಯುವ ಚಟ ಈಚೆಗೆ ಬಹಳ ಹಬ್ಬಿದೆ. ಕೆಂಪು ತ್ರಿಕೋನದ ಆ ಗುಂಡಿ ನಿಂತ ವಾಹನಕ್ಕೆ ಇರುವಂಥದ್ದು. ಓಡುವಾಗ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಹೋಗುವುದು ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಹೊಸ ಕಾರುಗಳಲ್ಲಿ ಇನ್ನೊಂದು ಮೋಸವಿದೆ. ಒಳಗಿನ ಫಲಕ ಸದಾ ಬೆಳಗುತ್ತದೆ, ಮುಂದೆ ಹಗಲು ದೀಪವೂ ಇರುತ್ತದೆ; ದೀಪ ಹಾಕಿದ್ದೇನೆಂದೇ ಚಾಲಕನ ಭಾವನೆ. ಹಿಂದೆ ಮಾತ್ರ ಕತ್ತಲೆ. ಮುಸ್ಸಂಜೆ, ಮಂಜಿನಲ್ಲಿ ಹಸಿರು ದೀಪದ ಚಿಹ್ನೆ ಕಂಡರೆ ಮಾತ್ರ ನಂಬಿ.

ಡೀಸೆಲ್ ವಾಹನದವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಜಾಲರಿ ಉಂಟು. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಎರಡೆರಡು ಕಿ.ಮೀ. ಓಡಿಸಿದರೆ ಅದು ಕಾಯುವುದೇ ಇಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ಚುಕ್ಕೆಗಳಿರುವ ಪೆಟ್ಟಿಗೆಯ ಹಳದಿ ದೀಪ ಹೊತ್ತಿದರೆ ಬಿಟ್ಟು ಬಿಡದೆ ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಮಸಿ ತಾನೇ ಸುಟ್ಟುಹೋಗುತ್ತದೆ. ಅಲಕ್ಷಿಸಿದರೆ ಜಾಲರಿಯ ಬೆಲೆ ಕೇಳಿ ತಲೆ ತಿರುಗೀತು. ಎಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿದರೆ ಆ ವಾರ ತೋರಿಸಿ, ಮಿನುಗಿದರೆ ವೇಗ ಇಳಿಸಿ ಹತ್ತಿರದ ಗ್ಯಾರೇಜಿಗೇ ಹೋಗಿ.

ಘಟ್ಟದಲ್ಲಿ ಕೆಟ್ಟು ನಿಂತಾಗ ತಿರುವಿನಲ್ಲಿ ನಿಲ್ಲಿಸದೆ ಸ್ವಲ್ಪ ನೇರ ರಸ್ತೆಗೆ ತನ್ನಿ. ಕೆಂಪು ತ್ರಿಕೋನದ ಗುಂಡಿ ಒತ್ತಿ, ಹ್ಯಾಂಡ್‌ಬ್ರೇಕು ಎಳೆದು ಗೇರಿನಲ್ಲಿಡಿ, ಚಕ್ರವನ್ನು ಬೆಟ್ಟದ ಕಡೆ ತಿರುಗಿಸಿ, ಡಿಕ್ಕಿಯಲ್ಲಿರುವ ಪ್ರತಿಫಲಕ ತ್ರಿಕೋನವನ್ನು ಐವತ್ತು ಹೆಜ್ಜೆ ಹಿಂದೆ ಇಡಿ. ಜನರು ಕಾರಿನಿಂದಿಳಿದು ಬೆಟ್ಟದ ಬದಿಗೆ ನಿಲ್ಲಲಿ. ಮಣ್ಣು ಜರಿಯುವ ಜಾಗವಾದರೆ ಅಲ್ಲಿಂದ ದೂರ ಸರಿಯಲಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಕೆಲವು ತಿರುವುಗಳಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ ಹೋಗುವ ಬರುವ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸುವುದು ಈಗಲೂ ಒಳ್ಳೆಯ ಉಪಾಯ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಅದನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಿ ಹೋಗಿ; ಮಂಜಿನಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.